ಮಾತ್ರೆ ತಪ್ಪಿದರೆ ರೋಗಿಯನ್ನಷ್ಟೇ ಕೇಳಬೇಕೆ?



ಎಚ್‌ಐವಿ ಔಷಧಿಗೆ ವೈರಸ್ ಜಗ್ಗದಂತಾಗುವುದಕ್ಕೆ ರೋಗಿಗಳ ನಿರ್ಲಕ್ಷ್ಯವೇ ಕಾರಣ ಎಂಬ ಧಾಟಿಯ ಬರಹ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಆಪ್ತಸಮಾಲೋಚಕಿಯಾಗಿದ್ದ ನಾನು ಇದನ್ನು ಒಪ್ಪಲಾರೆ. ‘ಒಂದು ದಿನವೂ ತಪ್ಪಿಸಬೇಡಿ’ ಎಂದು ನಾವು ಹೇಳಿದವರಿಗೇ, ದಾಸ್ತಾನಿಲ್ಲವೆಂದು ತಿಂಗಳ ಬದಲು ವಾರದ ಮಾತ್ರೆ ಕೊಟ್ಟು ಕಳಿಸಿದ್ದುಂಟು. ಕೂಲಿ ಬಿಟ್ಟು, ಮನೆಯವರಿಗೆ ಏನೋ ನೆಪ ಹೇಳಿ ಬರುವವರು ವಾರವಾರವೂ ಬರುವುದು ಹೇಗೆ? 2022ರ ಜುಲೈನಲ್ಲಿ ಔಷಧಿ ಸಿಗದೆ ದೆಹಲಿಯಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೋ) ಕಚೇರಿಯೆದುರು ಧರಣಿ ಕೂತವರು ತಿಂಗಳಾದರೂ ಏಳಲಿಲ್ಲ. ದೇಶದಲ್ಲಿ ದಾಸ್ತಾನು ಸಾಕಷ್ಟಿದೆ ಎಂದಿತು ಸರ್ಕಾರ. ದೇಶದ ಉಗ್ರಾಣದಲ್ಲಿದ್ದರೆ ರೋಗಿಯ ರಕ್ತಕ್ಕೆ ಬಂದಂತಾಗುವುದಿಲ್ಲ.

ರಕ್ತದಲ್ಲಿ ಔಷಧಿ ತಕ್ಕಷ್ಟು ಇರುವವರೆಗೆ ವೈರಸ್ ಸಂತತಿ ಬೆಳೆಸಲಾರದು, ಸಂತತಿ ಬೆಳೆಯದೆ ರೂಪ ಬದಲಿಸಲಾರದು. ಅಪಾಯವಿರುವುದು ಔಷಧಿ ಅರೆಬರೆ ಉಳಿದ ದಿನಗಳಲ್ಲಿ. ಆಗ ಸಾಮಾನ್ಯ ವೈರಸ್ ತಗ್ಗುತ್ತದೆ, ಔಷಧಿಯನ್ನು ತಾಳಿಕೊಳ್ಳಬಲ್ಲದ್ದು ಹಬ್ಬುತ್ತದೆ. ಹಿಂದೆ ಕೊಡುತ್ತಿದ್ದ ಎಫಾವಿರೆಂಜ್‌ನಲ್ಲಿ ಇದು ಎದ್ದು ಕಾಣುತ್ತಿತ್ತು. ಅದರ ಜೊತೆಗೆ ಕೊಡುತ್ತಿದ್ದ ಇನ್ನೆರಡೂ ಸೇರಿ ಮೂರು ಔಷಧಿಯನ್ನೂ ಒಟ್ಟಿಗೆ ನಿಲ್ಲಿಸಿದರೂ ಉಳಿದೆರಡರ ಪ್ರಭಾವ ಬೇಗ ಇಳಿದು, ಎಫಾವಿರೆಂಜ್ ಒಂದೇ ಎಷ್ಟೋ ದಿನ ರಕ್ತದಲ್ಲಿ ಉಳಿಯುತ್ತಿತ್ತು. ಅದನ್ನು ಮೀರಲು ವೈರಸ್‌ಗೆ ಒಂದೇ ಒಂದು ಬದಲಾವಣೆ ಸಾಕಿತ್ತು. ಈಗಿನ ಡೋಲುಟೆಗ್ರಾವಿರ್ ಅಷ್ಟು ಸುಲಭಕ್ಕೆ ಸೋಲುವುದಿಲ್ಲ ನಿಜ, ಆದರೆ ಸೋಲುವುದೇ ಇಲ್ಲ ಎಂದೇನಿಲ್ಲ.

ಒಂದು ದಿನವೂ ತಪ್ಪಿಸದವರ ರಕ್ತದಲ್ಲೂ ಔಷಧಿಯ ಮಟ್ಟ ಇಳಿಯಬಹುದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಡೋಲುಟೆಗ್ರಾವಿರ್ ಅನ್ನು ದೇಹದಿಂದ ಬೇಗ ಹೊರಹಾಕುತ್ತದೆ. ಅದಕ್ಕೇ ಅಂಥವರಿಗೆ ಹನ್ನೆರಡು ಗಂಟೆ ಬಿಟ್ಟು 50 ಮಿಲಿಗ್ರಾಂನ ಇನ್ನೊಂದು ಮಾತ್ರೆ ಕೊಡಲೇಬೇಕು. ಗರ್ಭಿಣಿಗೆ ಆಶಾ ಕಾರ್ಯಕರ್ತೆ ತಂದುಕೊಡುವ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ ಡೋಲುಟೆಗ್ರಾವಿರ್ ಜೊತೆಗೇ ನುಂಗಿದರೆ ಆ ಔಷಧಿ ಸರಿಯಾಗಿ ರಕ್ತ ಸೇರುವುದಿಲ್ಲ. ಎದೆಯುರಿಗೆ ತರುವ ಆಂಟಾಸಿಡ್ ಕೂಡ ಹಾಗೆಯೇ. ಇದನ್ನೆಲ್ಲ ಆ ಹೆಣ್ಣುಮಗಳಿಗೆ ಹೇಳಬೇಕಾದವರು ಯಾರು?

ನಮ್ಮ ಸರ್ಕಾರಿ ಕೇಂದ್ರಗಳಲ್ಲಿ ಔಷಧಿಯ ಮಟ್ಟವನ್ನು ಎಲ್ಲರಿಗೂ ಅಳೆದು ನೋಡುವ ಪದ್ಧತಿಯಿಲ್ಲ. ಇರುವುದು ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ತೋರಿಸುವ ವೈರಲ್ ಲೋಡ್ ಪರೀಕ್ಷೆ. ಅದು ಮಿಲಿಲೀಟರಿಗೆ 1000 ವೈರಸ್ ಪ್ರತಿ ದಾಟಿತೆಂದರೆ ಮೊದಲು ಬರುವ ಪ್ರಶ್ನೆ, ‘ಎಷ್ಟು ದಿನ ತಪ್ಪಿಸಿದಿರಿ?’ ಕೇಳಲಿ, ಬೇಡವೆನ್ನುವುದಿಲ್ಲ. ಆದರೆ ಕೇಂದ್ರ ಎಷ್ಟು ದಿನದ ಮಾತ್ರೆ ಕಡಿಮೆ ಕೊಟ್ಟಿತ್ತು, ಜೊತೆಗೆ ಬೇರೆ ಯಾವ ಔಷಧಿ ನಡೆದಿತ್ತು ಎಂಬುದೂ ಅದೇ ಕಡತದಲ್ಲಿ ದಾಖಲಾಗಲಿ.

2017ರ ಎಚ್‌ಐವಿ ಕಾಯ್ದೆ ಚಿಕಿತ್ಸೆ ಒದಗಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ, ಅದೂ ‘ಸಾಧ್ಯವಾದಷ್ಟು ಮಟ್ಟಿಗೆ’. ಈ ಮಾತನ್ನು ಕಾಯ್ದೆಯಿಂದ ತೆಗೆಯಬೇಕು. ಪ್ರತಿ ಕೇಂದ್ರದಲ್ಲೂ ಮೂರು ತಿಂಗಳ ಹೆಚ್ಚುವರಿ ದಾಸ್ತಾನು ಇರಬೇಕು, ಅದರ ಲೆಕ್ಕ ಫಲಕದಲ್ಲಿ ಕಾಣಬೇಕು. ಕ್ಷಯದ ಮಾತ್ರೆ ಕೊಡುವ ಕೈಯೇ ಡೋಲುಟೆಗ್ರಾವಿರ್‌ನ ಎರಡನೇ ಮಾತ್ರೆಯನ್ನೂ ಕೊಡಬೇಕು.

– ನಿವೃತ್ತ ಆಪ್ತಸಮಾಲೋಚಕಿ, ಹುಬ್ಬಳ್ಳಿ