ನಿಮಗೆ ಯಾವ ಬೌಲ್?

ಇಲ್ಲಿ ಅಮೆರಿಕಾದಲ್ಲಿ ನವೆಂಬರ್ ಬಂತೆಂದರೆ ನಮ್ಮ ಆಫೀಸಿನ ಕಾಫಿ ಮಷೀನ್ ಹತ್ತಿರ ಒಂದೇ ಮಾತು: "ಈ ಸಲ ನಮ್ಮ ಕಾಲೇಜಿಗೆ ಯಾವ ಬೌಲ್ ಸಿಗಬಹುದು?" ಊಟದ ಬಟ್ಟಲಲ್ಲ ಸ್ವಾಮಿ! ಇಲ್ಲಿನ ಕಾಲೇಜು ಫುಟ್‌ಬಾಲಿನಲ್ಲಿ ಸೀಸನ್ ಮುಗಿದ ಮೇಲೆ ಆಡುವ ವಿಶೇಷ ಪಂದ್ಯಗಳಿಗೆ ಬೌಲ್ ಅಂತಾರೆ. ಸಾಮಾನ್ಯವಾಗಿ 12ರಲ್ಲಿ 6 ಗೆದ್ದರೆ ಅರ್ಹತೆ. ಆದರೆ ಯಾವ ಬೌಲ್ ಅನ್ನೋದು ಡಿಸೆಂಬರ್‌ವರೆಗೂ ಗುಟ್ಟು.

ಆರ್‌ಸಿಬಿ ಅಭಿಮಾನಿಯಾದ ನನಗೆ ಲೆಕ್ಕಾಚಾರ ಹೊಸದೇನಲ್ಲ. 2024ರ ಮೇ ತಿಂಗಳಲ್ಲಿ ಚೆನ್ನೈ ವಿರುದ್ಧ ಕನಿಷ್ಠ 18 ರನ್‌ಗಳಿಂದ ಗೆಲ್ಲಬೇಕಿತ್ತು, 27ರಿಂದ ಗೆದ್ದೆವು, ಪ್ಲೇಆಫ್ ಸೇರಿದೆವು. ಮುಗೀತು. ಇಲ್ಲಿ ಹಾಗಲ್ಲ, ಇದೊಂಥರಾ ಸಂಬಂಧ ಕುದುರಿಸಿದ ಹಾಗೆ. ಕಾಲೇಜುಗಳ ಯಾವ ಗುಂಪಿಗೆ ಯಾವ ಬೌಲ್ ಜೊತೆ ಒಪ್ಪಂದ, ಯಾರ ಅಭಿಮಾನಿಗಳು ದೂರದಿಂದ ಬಂದು ಟಿಕೆಟ್ ಕೊಳ್ತಾರೆ, ಟಿವಿಯಲ್ಲಿ ಜನ ಯಾರನ್ನು ನೋಡ್ತಾರೆ... ಎಲ್ಲವೂ ಲೆಕ್ಕಕ್ಕೆ ಬರುತ್ತೆ.

ಚಿಕ್ಕ ಬೌಲ್‌ಗಳಿಗೆ ಇದು ನಡೀಲಿ ಬಿಡಿ, ಊಹಿಸೋದರಲ್ಲೇ ಮಜಾ ಇದೆ :) ಆದರೆ ಚಾಂಪಿಯನ್‌ಶಿಪ್ಪಿಗೂ ಹೀಗೇನಾ? 2023ರಲ್ಲಿ ಫ್ಲೋರಿಡಾ ಸ್ಟೇಟ್ 13ಕ್ಕೆ 13 ಪಂದ್ಯ ಗೆದ್ದಿತ್ತು. ಮುಖ್ಯ ಆಟಗಾರ ಜೋರ್ಡನ್ ಟ್ರಾವಿಸ್ ಕಾಲಿಗೆ ಪೆಟ್ಟಾಗಿದ್ದರಿಂದ ತಂಡ ಮೊದಲಿನಂತಿಲ್ಲ ಅಂತ ಆಯ್ಕೆ ಸಮಿತಿ ಕೊನೆಯ ನಾಲ್ಕರಲ್ಲಿ ಜಾಗ ಕೊಡಲಿಲ್ಲ. ಬದಲಿಗೆ ಸಿಕ್ಕಿದ್ದು ಆರೆಂಜ್ ಬೌಲ್. ಎಷ್ಟೋ ಆಟಗಾರರು ಅದನ್ನು ಆಡಲೇ ಇಲ್ಲ, ಜಾರ್ಜಿಯಾ 63-3ರಿಂದ ಬಡಿದು ಹಾಕಿತು.

2024ರಲ್ಲಿ ನಾಲ್ಕನ್ನು ಹನ್ನೆರಡು ಮಾಡಿದರು. ಒಳ್ಳೇದೇ. ಆದರೂ ತಂಡಗಳಿಗೆ ರ‍್ಯಾಂಕ್ ಕೊಡೋದು ಸಮಿತಿಯೇ. ಎಲ್ಲಾ ಪಂದ್ಯ ಗೆದ್ದವನೂ ಫೋನ್ ಬರುತ್ತಾ ಅಂತ ಕಾಯಬೇಕಾದರೆ, ಮೈದಾನದಲ್ಲಿ ಬೆವರು ಸುರಿಸಿದ್ದು ಯಾಕೆ?

ನೀವೇನಂತೀರಿ?