ಒಡಂಬಡಿಕೆ ಸಾಕು, ದಂಡದ ಲೆಕ್ಕ ನೋಡಿ

ರಾಜ್ಯದ 2025–30ರ ಕೈಗಾರಿಕಾ ನೀತಿ ಬಂದ ಮೇಲೆ ಎಂಜಿನಿಯರಿಂಗ್ ಕಾಲೇಜು–ಕಾರ್ಖಾನೆ ನಂಟಿನ ಮಾತು ಮತ್ತೆ ಜೋರಾಗಿದೆ. ಮತ್ತೊಂದು ಸುತ್ತು ಒಡಂಬಡಿಕೆ, ಶಾಲು, ಫೋಟೊ. ಇದರಿಂದ ನಂಜನಗೂಡು ಕಡೆಯ ಬಿಇ ಪದವೀಧರರಿಗೆ ನಯಾಪೈಸೆ ಲಾಭವಿಲ್ಲ. ಆಗಬೇಕಾದ್ದನ್ನು 1961ರ ಅಪ್ರೆಂಟಿಸ್ ಕಾಯ್ದೆ ಆಗಲೇ ಹೇಳಿದೆ. ಅದನ್ನು ಹಲ್ಲು ಕಿತ್ತ ಹಾವಾಗಿಸಿದ್ದು ಸಂಸತ್ತೇ.

30 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಒಟ್ಟು ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಗುತ್ತಿಗೆಯವರೂ ಈ ಲೆಕ್ಕಕ್ಕೆ ಸೇರುತ್ತಾರೆ. 400 ಮಂದಿಯ ಕಾರ್ಖಾನೆಯಲ್ಲಿ ಕನಿಷ್ಠ 10 ಜನ. ತಪ್ಪಿದರೆ? 2014ರ ತಿದ್ದುಪಡಿ ಇಟ್ಟ ದಂಡ ನೋಡಿ: ಖಾಲಿ ಬಿಟ್ಟ ಒಂದು ಜಾಗಕ್ಕೆ ಮೊದಲ ಮೂರು ತಿಂಗಳು ತಲಾ ₹500, ಆಮೇಲೆ ತಿಂಗಳಿಗೆ ₹1,000. ವರ್ಷಕ್ಕೆ ₹10,500. ಅದೂ ನೋಟಿಸ್ ಬಂದರೆ ಮಾತ್ರ. ಅದೇ ಜಾಗಕ್ಕೆ ಪದವೀಧರರನ್ನು ಕರೆದರೆ, 2019ರ ನಿಯಮ ನಿಗದಿ ಮಾಡಿದ ಕನಿಷ್ಠ ಶಿಷ್ಯವೇತನ ತಿಂಗಳಿಗೆ ₹9,000. ಅರ್ಧ ಕೇಂದ್ರ ತುಂಬಿಕೊಟ್ಟರೂ ವರ್ಷಕ್ಕೆ ಕಂಪನಿಯ ಕೈಯಿಂದ ₹54,000. ಕಾನೂನು ಪಾಲಿಸುವುದಕ್ಕಿಂತ ಮುರಿಯುವುದೇ ಐದು ಪಟ್ಟು ಅಗ್ಗ!

ನಂಜನಗೂಡಿನಲ್ಲಿ ನೆಸ್ಲೆ, ಜುಬಿಲಂಟ್, ಎಟಿ ಅಂಡ್ ಎಸ್ ಇವೆ. ತಾಂಡವಪುರದಲ್ಲಿ ಎಂಜಿನಿಯರಿಂಗ್ ಕಾಲೇಜೇ ಇದೆ. ಈ ಕಂಪನಿಗಳು ಕಾಯ್ದೆ ಮುರಿದಿವೆ ಎಂದು ನಾನು ಹೇಳುತ್ತಿಲ್ಲ. ಯಾವ ಕಾರ್ಖಾನೆ ಎಷ್ಟು ಜಾಗ ತುಂಬಿದೆ ಎಂಬ ಪಟ್ಟಿ ಕೈಗಾರಿಕಾ ಪ್ರದೇಶದ ಫಲಕದಲ್ಲಿ ಏಕಿರಬಾರದು ಎಂದಷ್ಟೇ ಕೇಳುತ್ತಿದ್ದೇನೆ.

ವಿಟಿಯು ಇಂಟರ್ನ್‌ಶಿಪ್ ಕಡ್ಡಾಯ ಮಾಡಿದೆಯಲ್ಲ ಎನ್ನುವವರಿದ್ದಾರೆ. ದುಡ್ಡು ಕಟ್ಟಿ ಸರ್ಟಿಫಿಕೇಟ್ ತರುವ ದಂಧೆ ಅವರಿಗೂ ಗೊತ್ತು. ಹುಡುಗರಿಗೆ ಕೌಶಲವಿಲ್ಲ ಎಂಬುದು ಇನ್ನೊಂದು ಹಳೆಯ ರಾಗ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ (ಜಿಟಿಟಿಸಿ) ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷ ಓದು, ಪೂರ್ತಿ ಒಂದು ವರ್ಷ ಕಾರ್ಖಾನೆ. ಅಲ್ಲಿ ಕಲಿತವರ ಬಗ್ಗೆ ಈ ದೂರು ಕೇಳಿದ್ದು ಕಡಿಮೆ.

ಕಾರ್ಖಾನೆಯಲ್ಲಿ ಕಲಿಯಲು ಏನಿದೆ ಎನ್ನುವವರು ಟಿ.ನರಸೀಪುರಕ್ಕೆ ಬನ್ನಿ. ಮೈಸೂರು ಸಿಲ್ಕ್‌ಗೆ ನೂಲು ತೆಗೆಯುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ (ಕೆಎಸ್‌ಐಸಿ) ಫಿಲೇಚರ್ ಇಲ್ಲಿದೆ. ಬಿಚ್ಚಾಣಿಕೆಯಲ್ಲಿ ಹಲವು ಗೂಡುಗಳ ಎಳೆ ಕೂಡಿ ಒಂದು ನೂಲಾಗಬೇಕು. ಬಿಸಿನೀರಿನ ತೊಟ್ಟಿಯಲ್ಲಿ ತೇಲುವ ಒಂದು ಗೂಡು ಮುಗಿಯುತ್ತಿದ್ದಂತೆ ಇನ್ನೊಂದರ ತುದಿ ಹಿಡಿದು ಸೇರಿಸಬೇಕು. ಕೊಂಚ ತಡವಾದರೂ ನೂಲು ಅಲ್ಲಿ ತೆಳುವಾಗುತ್ತದೆ, ಮಗ್ಗದಲ್ಲಿ ತುಂಡಾಗುತ್ತದೆ. ನೀರಿನ ಬಿಸಿ, ರಾಟೆಯ ವೇಗ, ಎಳೆಯ ದಪ್ಪ (ಡೆನಿಯರ್) – ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಓದಿದವರಿಗೆ ವರ್ಷವಿಡೀ ತಲೆ ಕೆಡಿಸುವಷ್ಟು ಕೆಲಸ ಆ ಒಂದು ತೊಟ್ಟಿಯಲ್ಲೇ ಇದೆ. ಇದಕ್ಕೆ ಯಾವ ಉತ್ಕೃಷ್ಟತಾ ಕೇಂದ್ರವೂ ಬೇಡ.

ದಂಡವನ್ನು ಶಿಷ್ಯವೇತನಕ್ಕಿಂತ ಮೇಲಕ್ಕೇರಿಸುವುದು ದೆಹಲಿಯ ಕೆಲಸ, ಸರಿ. ಆದರೆ ಹೊಸ ನೀತಿಯಡಿ ರಿಯಾಯಿತಿ ಕೇಳಿ ಬಂದವರಿಂದ ಶೇ 2.5 ತುಂಬಿದ ದಾಖಲೆ ಪಡೆಯುವುದು ವಿಧಾನಸೌಧದ ಕೈಯಲ್ಲೇ ಇದೆ. ಕೆಎಸ್‌ಐಸಿಯಂತೂ ರಾಜ್ಯದ್ದೇ ಸ್ವತ್ತು; ಅಲ್ಲಿ ಶೇ 15ರವರೆಗೆ ತುಂಬಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ.