ನೆರೆಮನೆಯ ನೋಂಬು

ನೋಂಬು ಶುರುವಾದ ವಾರ. ಅಸರ್ ನಮಾಝ್ ಮುಗಿಸಿ ನಾನು ಒಲೆಯ ಮುಂದೆ ನಿಂತಿದ್ದೆ. ಶಾಲೆಯಿಂದ ಬಂದ ಮಗ ಬಾಗಿಲಲ್ಲೇ ನಿಂತು ಕೇಳಿದ: "ಉಮ್ಮಾ, ಪಕ್ಕದ ಮನೆಯ ಬಾಯಮ್ಮನಿಗೂ ನೋಂಬು ಅಂತೆ. ಆದ್ರೆ ಅವರು ಜಗಲಿಯಲ್ಲಿ ಕೂತು ಚಾ ಕುಡಿತಾ ಇದ್ದಾರೆ. ಅದೆಂಥ ನೋಂಬು?" ಕೇಳಿ ನಕ್ಕ. ನಾನೂ ನಕ್ಕೆ.

ನಕ್ಕ ಮೇಲೆ ನಾಚಿಕೆಯಾಯಿತು. ಅವನ ವಯಸ್ಸಿನಲ್ಲಿ ನಾನೂ ಇದನ್ನೇ ಕೇಳಿದ್ದೆ. ಆಗ ನನ್ನ ಉಮ್ಮ ನಗಲಿಲ್ಲ. "ಅವರ ನೋಂಬು ಅವರಿಗೂ ಅಲ್ಲಾಹನಿಗೂ ಗೊತ್ತು. ನಿನ್ನದು ಸರಿಯಾಗಿ ಉಂಟಾ ನೋಡು" ಎಂದಿದ್ದರು. ಓದು ಬರಹ ಕಲಿಯದ ಉಮ್ಮ ಕೊಟ್ಟ ಉತ್ತರವನ್ನು ಪದವಿ ಓದಿದ ನಾನು ಮಗನಿಗೆ ಕೊಡಲಿಲ್ಲ. ಈ ಲೇಖನ ಅವನಿಗೆ ಕೊಡಬೇಕಾಗಿದ್ದ ಉತ್ತರ.

ಈ ವರ್ಷ ಫೆಬ್ರವರಿ 18ಕ್ಕೆ ಕ್ರೈಸ್ತರ ಬೂದಿ ಬುಧವಾರ ಬಂತು. ಅದರ ಬೆನ್ನಿಗೇ ನಮ್ಮ ರಂಝಾನ್. ಮಂಜೇಶ್ವರ, ಬೇಳ, ಕಯ್ಯಾರು ಕಡೆಯ ಕೊಂಕಣಿ ಕ್ರೈಸ್ತರು ಈ ದಿನಗಳನ್ನು 'ಕರೆಜ್ಮ್' ಎನ್ನುತ್ತಾರೆ. ಅವರ ಕನ್ನಡ ಪ್ರಾರ್ಥನೆಯಲ್ಲಿ ಅದು 'ತಪಸ್ಸುಕಾಲ'. ಇದೇ ಕಾಸರಗೋಡು ಜಿಲ್ಲೆಯ ಮೂಡುದಿಕ್ಕಿನ ಬೆಟ್ಟಗಳಲ್ಲಿ, 1943ರಲ್ಲಿ ತಿರುವಿತಾಂಕೂರು ಕಡೆಯಿಂದ ಬಂದು ರಾಜಪುರದಲ್ಲಿ ನೆಲೆಸಿದ ಸುರಿಯಾನಿ ಕ್ರೈಸ್ತರ ಮನೆಗಳಲ್ಲಿ, ಇದರ ಹೆಸರು 'ಅಂಬದ್ ನೋಂಬು', ಐವತ್ತು ದಿನದ ನೋಂಬು. ನಮ್ಮ ಉಪವಾಸಕ್ಕೂ ಅವರ ಉಪವಾಸಕ್ಕೂ ಈ ಮಣ್ಣು ಒಂದೇ ಹೆಸರಿಟ್ಟಿದೆ. ನಮ್ಮ ಮಸೀದಿಯೂ 'ಪಳ್ಳಿ', ಮಲಯಾಳದಲ್ಲಿ ಅವರ ಇಗರ್ಜಿಯೂ 'ಪಳ್ಳಿ'. ಗಡಿ ಎಳೆದವರು ಭಾಷೆಯ ಲೆಕ್ಕದಲ್ಲಿ ನಮ್ಮನ್ನು 1956ರಲ್ಲಿ ಕೇರಳಕ್ಕೆ ಸೇರಿಸಿದರು. ಆ ಭಾಷೆಯೊಳಗೇ ಇಂಥ ನೆರೆಹೊರೆತನವೂ ಉಂಟು ಎಂಬುದನ್ನು ಮಕ್ಕಳಿಗೆ ನಾವು ಹೇಳಿಕೊಡುವುದಿಲ್ಲ.

ಮೊದಲು ಚಾದ ಪ್ರಶ್ನೆಗೆ ಉತ್ತರ. ಕೆಥೊಲಿಕರ ನಿಯಮ ನಮ್ಮಂಥದಲ್ಲ. 18 ತುಂಬಿದವರಿಂದ 59 ತುಂಬುವವರೆಗಿನವರಿಗೆ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಕಡ್ಡಾಯ ಉಪವಾಸ. ಅಂದು ಒಂದೇ ಹೊಟ್ಟೆತುಂಬ ಊಟ, ಬೇಕಿದ್ದರೆ ಇನ್ನೆರಡು ಹೊತ್ತು ಅಲ್ಪ ಆಹಾರ. 14 ದಾಟಿದವರು ಆ ಎರಡು ದಿನವೂ ತಪಸ್ಸುಕಾಲದ ಶುಕ್ರವಾರಗಳಲ್ಲೂ ಮಾಂಸ ತಿನ್ನುವುದಿಲ್ಲ. ಉಳಿದ ದಿನಗಳಲ್ಲಿ ತಮಗೆ ಇಷ್ಟವಾದುದನ್ನು ತಾವೇ ಆರಿಸಿ ಬಿಡುತ್ತಾರೆ. ಕೆಲವರು ಮೀನು ಮಾಂಸ, ಕೆಲವರು ಕುಡಿತ, ಕೆಲವರು ಚಾಕ್ಕೆ ಸಕ್ಕರೆ. ಬೂದಿ ಬುಧವಾರದಿಂದ ಈಸ್ಟರ್‌ನ ಹಿಂದಿನ ದಿನದವರೆಗೆ ಒಟ್ಟು 46 ದಿನ. ಭಾನುವಾರಗಳನ್ನು ಬಿಟ್ಟು ಎಣಿಸಿದರೆ 40. ಯೇಸು ಮರಳುಗಾಡಿನಲ್ಲಿ ಉಪವಾಸವಿದ್ದ 40 ದಿನಗಳ ನೆನಪು ಅದು. ಮೂಸಾ ನಬಿಯ 40 ರಾತ್ರಿಗಳ ವಿಷಯ ನಮ್ಮ ಕುರ್‌ಆನ್‌ನಲ್ಲೂ ಇದೆ.

ಬಾಯಮ್ಮ ಅಂದು ಕುಡಿದದ್ದು ಸಕ್ಕರೆ ಹಾಕದ ಚಾ. ಜೀವಮಾನವಿಡೀ ಎರಡು ಚಮಚ ಸಕ್ಕರೆ ಹಾಕಿ ಕುಡಿದವರು 46 ದಿನ ಕಹಿ ಚಾ ಕುಡಿಯುವುದು ಸಣ್ಣ ಮಾತಾ? ಅದು ಯಾರಿಗೂ ಕಾಣುವುದಿಲ್ಲ. ಬೇಲಿಯಾಚೆಯಿಂದ ನೋಡಿದ ನನ್ನ ಮಗನಿಗೂ ಕಾಣಲಿಲ್ಲ. ಕಾಣದಿರುವುದೇ ಅದರ ಬೆಲೆ.

ಪ್ರತಿ ವರ್ಷ ಬೂದಿ ಬುಧವಾರ ಇಗರ್ಜಿಯಲ್ಲಿ ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯ ಓದುತ್ತಾರೆ. ದಾನ, ಪ್ರಾರ್ಥನೆ, ಉಪವಾಸ ಈ ಮೂರನ್ನೂ ಜನ ನೋಡಲಿ ಎಂದು ಮಾಡಬೇಡಿ ಎಂಬುದು ಅದರ ಸಾರ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತು ಅಲ್ಲಿ ಬರುತ್ತದೆ. ಅದೇ ಹೋಲಿಕೆ ನಮ್ಮ ಹದೀಸ್‌ನಲ್ಲೂ ಉಂಟು. ಅಂತ್ಯದಿನದಲ್ಲಿ ಅಲ್ಲಾಹನ ನೆರಳು ಪಡೆಯುವ ಏಳು ಬಗೆಯ ಜನರಲ್ಲಿ, ಬಲಗೈ ಕೊಟ್ಟದ್ದನ್ನು ಎಡಗೈಗೆ ತಿಳಿಸದೆ ದಾನ ಮಾಡಿದವನೂ ಒಬ್ಬ. ಮದ್ರಸದಲ್ಲಿ ನಾವೆಲ್ಲ ಕಲಿತದ್ದೇ.

ಕಲಿತ ನಾವು ಏನು ಮಾಡುತ್ತೇವೆ? ಕಿಟ್ ಕೊಡುವಾಗ ಪಡೆಯುವವರನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುತ್ತೇವೆ. ಐದು ಕಿಲೊ ಅಕ್ಕಿಯ ಚೀಲದ ಒಂದು ಮೂಲೆಯನ್ನು ಹಿಡಿಯಲು ನಾಲ್ಕು ಜನ. ಸಂಜೆಯೊಳಗೆ ಅದು ಊರಿನ ಎಲ್ಲ ಗ್ರೂಪಿಗೂ ಹೋಗುತ್ತದೆ. ಆ ಸಾಲಿನಲ್ಲಿ ತಲೆ ತಗ್ಗಿಸಿ ನಿಂತ ಹೆಂಗಸಿನ ಮಗಳು ಅದೇ ಗ್ರೂಪ್ ನೋಡುವ ಹುಡುಗಿಯರ ಜೊತೆ ಶಾಲೆಗೆ ಹೋಗುವವಳು. ಕೊಟ್ಟವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಎಡಗೈಗಿಂತ ಮೊದಲು ಮೊಬೈಲಿಗೆ ತಿಳಿದ ದಾನ ಅದು.

ಎರಡನೆಯದು ನಮ್ಮ ಅಡುಗೆಮನೆ. ನಾನು ಹೆಂಗಸಾದ್ದರಿಂದ ಇದನ್ನು ಹೇಳಲೇಬೇಕು. ಲುಹರ್ ಕಳೆದರೆ ಸಾಕು, ಮಗ್ರಿಬ್ ಬಾಂಗ್‌ನವರೆಗೆ ನಮ್ಮ ಹೆಂಗಸರು ಎಣ್ಣೆಯ ಬಾಣಲೆಯ ಮುಂದೆ. ಸಮೋಸ, ಕಟ್ಲೇಟ್, ಪತ್ತಿರಿ, ಮೇಲೆ ಎರಡು ಬಗೆಯ ಜ್ಯೂಸ್. ಎದುರಿನ ಮನೆಯಿಂದ ಒಂದು ಬಗೆ ಹೆಚ್ಚು ಬಂದರೆ ಮರುದಿನ ನಾವೂ ಒಂದು ಹೆಚ್ಚಿಸಬೇಕು. ತರಾವೀಹ್ ಹೊತ್ತಿಗೆ ಸೊಂಟ ನಿಲ್ಲುವುದಿಲ್ಲ, ಅತ್ತಾಳಕ್ಕೆ ಮತ್ತೆ ಮೂರುವರೆಗೆ ಏಳಬೇಕು. ಹಸಿವಿನ ತಿಂಗಳಲ್ಲಿ ದಿನಸಿ ಅಂಗಡಿಯ ಲೆಕ್ಕ ಉಳಿದ ತಿಂಗಳಿಗಿಂತ ಜಾಸ್ತಿ ಆಗುವುದು ಹೇಗೆ? ಕುರ್‌ಆನ್ ಓದಲು ಪುರುಸೊತ್ತು ಸಿಗಲಿಲ್ಲ ಎಂದು ಈದ್‌ನ ದಿನ ಕಣ್ಣೀರು ಹಾಕಿದ ಹೆಂಗಸರು ನನಗೆ ಗೊತ್ತು.

ತಪಸ್ಸುಕಾಲದ ಒಂದು ಪದ್ಧತಿ ಇಲ್ಲಿ ನಮಗೆ ಪಾಠ. ಬಿಟ್ಟ ಊಟದ, ಬಿಟ್ಟ ಮಾಂಸದ ಹಣವನ್ನು ಅವರು ಬೇರೆ ತೆಗೆದಿಟ್ಟು ಬಡವರಿಗೆ ಕೊಡುತ್ತಾರೆ. ಕಾರಿತಾಸ್ ಇಂಡಿಯಾ ತಪಸ್ಸುಕಾಲದಲ್ಲೇ ಹಸಿವು ಮತ್ತು ರೋಗದ ವಿರುದ್ಧ ಅಭಿಯಾನ ನಡೆಸುತ್ತದೆ. ನಾನು ಬಿಟ್ಟದ್ದು ಇನ್ನೊಬ್ಬರ ತಟ್ಟೆಗೆ ಹೋಗಬೇಕು, ನನ್ನ ರಾತ್ರಿಯ ತಟ್ಟೆಗೆ ಅಲ್ಲ ಎಂಬುದು ಲೆಕ್ಕ. ನಮ್ಮಲ್ಲಿ ಝಕಾತ್ ಉಂಟು, ಫಿತ್ರ್ ಝಕಾತ್ ಉಂಟು, ಅದು ದೊಡ್ಡ ವ್ಯವಸ್ಥೆಯೇ. ಆದರೆ ದಿನದಿನದ ಹಸಿವಿಗೂ ದಾನಕ್ಕೂ ಗಂಟು ಹಾಕುವ ಈ ಸರಳ ಅಭ್ಯಾಸ ನಮ್ಮ ಮನೆಯಲ್ಲಿ ಇಲ್ಲ. ಜೀರಿಗೆ ಗಂಜಿ, ಖರ್ಜೂರ, ಒಂದು ಕರಿದ ತಿಂಡಿ. ಇಷ್ಟಕ್ಕೆ ನಿಲ್ಲಿಸಿದರೆ ಹಣವೂ ಉಳಿಯುತ್ತದೆ, ಹೆಂಗಸರಿಗೆ ಎರಡು ಗಂಟೆಯೂ ಉಳಿಯುತ್ತದೆ.

ಮೂರನೆಯದು ನಾಲಿಗೆ. ಇದನ್ನು ಕಲಿಯಲು ಇಗರ್ಜಿಗೂ ಹೋಗಬೇಕಿಲ್ಲ. ಯೇಸುವಿನ ತಾಯಿ ಮರ್ಯಮ್ ಬೀವಿಯ ಕತೆ ನಮ್ಮ ಕುರ್‌ಆನ್‌ನಲ್ಲೇ ಒಂದು ಸೂರಾ ಆಗಿ ಉಂಟು. ಕೂಸನ್ನು ಎತ್ತಿಕೊಂಡು ಜನರ ಮುಂದೆ ಹೋಗುವ ಮೊದಲು ಆಕೆಗೆ ಒಂದು ಹರಕೆಯ ಆದೇಶವಾಗುತ್ತದೆ: ಇವತ್ತು ಯಾರೊಡನೆಯೂ ಮಾತಾಡುವುದಿಲ್ಲ ಎಂಬ ಹರಕೆ. ಅದಕ್ಕೆ ಕುರ್‌ಆನ್ ಬಳಸಿದ ಪದ 'ಸೌಮ್', ಅಂದರೆ ಉಪವಾಸ. ಹೊಟ್ಟೆಗಿಂತ ಮೊದಲು ಬಾಯಿಗೆ ಉಪವಾಸ. ಸುಳ್ಳು ಮಾತು ಬಿಡದವನು ಅನ್ನ ನೀರು ಬಿಟ್ಟರೆ ಅಲ್ಲಾಹನಿಗೆ ಅದರ ಅಗತ್ಯವಿಲ್ಲ ಎಂದು ಪ್ರವಾದಿಯವರು (ಸ) ಎಚ್ಚರಿಸಿದ್ದಾರೆ.

ಕರಾವಳಿಯಲ್ಲಿ ಈಗ ನಾಲಿಗೆ ಎಂದರೆ ಬೆರಳು. ನೋಂಬು ಹಿಡಿದು, ಹೊತ್ತು ಹೋಗಲೆಂದು ಮೊಬೈಲ್ ತೆರೆದು, ಎಲ್ಲಿಯದೋ ವಿಡಿಯೋವನ್ನು ನಮ್ಮೂರಿನದೆಂದು ದಾಟಿಸುವವರಿದ್ದಾರೆ. ಎಲ್ಲ ಜಾತಿ ಧರ್ಮದಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ಒಂದು ಫಾರ್ವರ್ಡ್‌ನಿಂದ ಪೇಟೆಯ ಅಂಗಡಿ ಬಾಗಿಲು ಹಾಕಿದ್ದನ್ನು ನೋಡಿದವರು ನಾವು. ನೀರಿನ ಒಂದು ಹನಿ ಗಂಟಲಿಗೆ ಇಳಿಯದಂತೆ ಜಾಗ್ರತೆ ಮಾಡುವವರು, ವಿಷದ ಒಂದು ಹನಿ ಹೊರಗೆ ಹೋಗದಂತೆಯೂ ಜಾಗ್ರತೆ ಮಾಡಬೇಡವಾ?

ನಾಲ್ಕನೆಯದು ಮಣ್ಣು. ಬೂದಿ ಬುಧವಾರ ಗುರುಗಳು ಹಣೆಗೆ ಬೂದಿ ಹಚ್ಚಿ, ನೀನು ಮಣ್ಣು, ಮಣ್ಣಿಗೇ ಹೋಗುವವನು ಎಂದು ನೆನಪಿಸುತ್ತಾರೆ. ಆ ಬೂದಿ ಹಿಂದಿನ ವರ್ಷದ ಗರಿಗಳ ಭಾನುವಾರದಂದು ಮಂತ್ರಿಸಿ ಕೊಟ್ಟ ಗರಿಗಳನ್ನು ಸುಟ್ಟು ಮಾಡಿದ್ದು. ನಮ್ಮ ಕಡೆ ಆ ಗರಿ ತೆಂಗಿನ ಎಳೆ ಗರಿ. ಜಯಕಾರ ಹಾಕಿ ಎತ್ತಿ ಹಿಡಿದದ್ದೇ ಮರುವರ್ಷ ಹಣೆಯ ಬೂದಿ. ನಾವು ಮಯ್ಯತ್ ದಫನ ಮಾಡುವಾಗ ಮೂರು ಹಿಡಿ ಮಣ್ಣು ಹಾಕುತ್ತೇವೆ. ಮಣ್ಣಿನಿಂದ ಸೃಷ್ಟಿ, ಮಣ್ಣಿಗೆ ಮರಳುವಿಕೆ, ಮಣ್ಣಿನಿಂದಲೇ ಮತ್ತೆ ಎಬ್ಬಿಸುವಿಕೆ ಎಂದು ನೆನೆಯುತ್ತೇವೆ. ವ್ಯತ್ಯಾಸ ಇಷ್ಟೇ: ಅವರು ಬದುಕಿರುವವನ ಹಣೆಗೇ ವರ್ಷಕ್ಕೊಮ್ಮೆ ಅದನ್ನು ಹಚ್ಚುತ್ತಾರೆ. ನಾವು ಸಾಮಾನ್ಯವಾಗಿ ಇನ್ನೊಬ್ಬರ ಕಬರ್‌ನ ಬಳಿ ನೆನೆದು, ಕೈ ತೊಳೆದು ಮನೆಗೆ ಬರುವಷ್ಟರಲ್ಲಿ ಜಾಗದ ತಕರಾರು ಶುರು ಮಾಡಿರುತ್ತೇವೆ.

ಇಷ್ಟು ಬರೆದರೆ ಕೆಲವರು ಕೇಳುತ್ತಾರೆ ಎಂದು ಗೊತ್ತು: ನಮ್ಮ ದೀನ್‌ನಲ್ಲಿ ಇಲ್ಲದ್ದು ಏನು ಉಂಟು ಅಂತ ಬೇರೆಯವರಿಂದ ಕಲಿಯಬೇಕು? ಎರಡನ್ನೂ ಕಲಸಿ ಮಕ್ಕಳ ಈಮಾನ್ ಹಾಳು ಮಾಡುವುದಾ?

ಕಲಸುವ ಮಾತು ನಾನು ಆಡುತ್ತಿಲ್ಲ. ಈಸಾ ನಬಿಯ (ಅ) ಬಗ್ಗೆ, ಶಿಲುಬೆಯ ಬಗ್ಗೆ ನಮ್ಮ ನಂಬಿಕೆ ಬೇರೆ, ಅವರದ್ದು ಬೇರೆ. ಅದನ್ನು ಮುಚ್ಚಿಟ್ಟು ಸೌಹಾರ್ದ ಮಾಡುವುದು ಅವರಿಗೂ ಅವಮಾನ, ನಮಗೂ ಅವಮಾನ. ಶುಕ್ರವಾರಗಳಲ್ಲಿ ಅವರು ನಡೆಸುವ ಶಿಲುಬೆಯ ಹಾದಿಯ 14 ಸ್ಥಳಗಳ ಪ್ರಾರ್ಥನೆ ನನ್ನ ಪ್ರಾರ್ಥನೆಯಲ್ಲ. ಆದರೆ ಅದರ ಐದನೇ ಸ್ಥಳದಲ್ಲಿ ದಾರಿಹೋಕನೊಬ್ಬ ಇನ್ನೊಬ್ಬರ ಭಾರಕ್ಕೆ ಹೆಗಲು ಕೊಡುತ್ತಾನೆ, ಆರನೇ ಸ್ಥಳದಲ್ಲಿ ಹೆಂಗಸೊಬ್ಬಳು ಗುಂಪನ್ನು ದಾಟಿ ಬಂದು ನೊಂದವನ ಮುಖ ಒರೆಸುತ್ತಾಳೆ ಎಂದು ತಿಳಿದಾಗ, ಬಾಯಮ್ಮ ಯಾರ ಮನೆಯಲ್ಲಿ ಕಾಯಿಲೆ ಎಂದರೂ ಮೊದಲು ಹೋಗಿ ನಿಲ್ಲುವುದು ಯಾಕೆ ಎಂದು ಅರ್ಥವಾಗುತ್ತದೆ. ಅಷ್ಟು ಅರ್ಥವಾದರೆ ಈಮಾನ್ ಕರಗುವುದಿಲ್ಲ.

ಇನ್ನು ಬೇರೆಯವರ ಮಾತು. ಉಪವಾಸ ಕಡ್ಡಾಯ ಮಾಡಿದ ಆಯತ್‌ನಲ್ಲೇ, ನಿಮಗಿಂತ ಮೊದಲಿನವರಿಗೂ ಇದನ್ನು ವಿಧಿಸಲಾಗಿತ್ತು ಎಂಬ ಅರ್ಥದ ಮಾತಿದೆ. ನೋಂಬಿನ ನಿಯಮ ಹೇಳುವ ಮೊದಲು ಅಲ್ಲಾಹನೇ ಹಿಂದಿನವರನ್ನು ನೆನಪಿಸಿದ್ದಾನೆ. ಹಿಂದಿನವರ ಮಕ್ಕಳು ನಮ್ಮ ಬೇಲಿಯಾಚೆ ಇದ್ದಾರೆ. ಅವರನ್ನು ನೋಡಿ ನಗುವುದು ಯಾವ ಈಮಾನ್?

ಸೌಹಾರ್ದ ಇಫ್ತಾರ್ ಕೂಟಗಳಿಗೆ ನಾನು ವಿರೋಧಿಯಲ್ಲ. ಆದರೆ ವೇದಿಕೆಯಲ್ಲಿ ಮೂರು ಧರ್ಮದ ಗುರುಗಳನ್ನು ಕೂರಿಸಿ, ಶಾಲು ಹೊದಿಸಿ, ಮರುದಿನ ಪತ್ರಿಕೆಯಲ್ಲಿ ಫೋಟೊ ಬಂದ ಮೇಲೆ ವರ್ಷವಿಡೀ ಯಾರೂ ಯಾರ ಮನೆಗೂ ಹೋಗದಿದ್ದರೆ ಅದರಿಂದ ಏನು ಬಂತು? ನಮ್ಮ ಅಜ್ಜಿಯಂದಿರು ಶಾಲು ಹೊದಿಸಲಿಲ್ಲ. ಬಾಯಮ್ಮಂದಿರ ಮನೆಗೆ ಪಾತ್ರೆ ಕಳಿಸಿದರು, ಆ ಪಾತ್ರೆ ಎಂದೂ ಖಾಲಿಯಾಗಿ ತಿರುಗಿ ಬರಲಿಲ್ಲ.

ಚಂದ್ರಮಾನದ ನಮ್ಮ ರಂಝಾನ್ ಪ್ರತಿ ವರ್ಷ 10-11 ದಿನ ಹಿಂದೆ ಸರಿಯುತ್ತದೆ. ಲೆಕ್ಕ ಹಾಕಿದರೆ ಎರಡೂ ನೋಂಬು ಒಟ್ಟಿಗೆ ಬರುವುದು 2027ರಲ್ಲಿ ಇನ್ನೊಮ್ಮೆ. 2028ಕ್ಕೆ ಬೂದಿ ಬುಧವಾರ ಮಾರ್ಚ್ 1ಕ್ಕೆ. ಅಷ್ಟರಲ್ಲಿ ನಮ್ಮ ನೋಂಬು ಮುಗಿದಿರುತ್ತದೆ. ಚಂದ್ರನ ಸುತ್ತು ತಿರುಗಿ ಮತ್ತೆ ಇವೆರಡು ಕೂಡಬೇಕಾದರೆ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ನನ್ನ ಮಗನಿಗೆ ಮಕ್ಕಳಾಗಿರುತ್ತಾರೆ. ಅವರು ಬಂದು "ಅದೆಂಥ ನೋಂಬು" ಎಂದು ಕೇಳಿದರೆ ಅವನು ನಗಬಾರದು.

ಅದಕ್ಕೇ ಮರುದಿನ ಅವನ ಕೈಯಲ್ಲಿ ಒಂದು ತೂಕುಪಾತ್ರೆ ಜೀರಿಗೆ ಗಂಜಿ ಕೊಟ್ಟು ಪಕ್ಕದ ಮನೆಗೆ ಕಳಿಸಿದೆ. ಶುಕ್ರವಾರ, ಮಾಂಸದ್ದು ಯಾವುದೂ ಬೇಡ ಎಂದು ನೋಡಿಯೇ ಕೊಟ್ಟೆ. ತಿರುಗಿ ಬಂದವನು ಹೇಳಿದ: "ಉಮ್ಮಾ, ಬಾಯಮ್ಮ ಚಾಕ್ಕೆ ಸಕ್ಕರೆ ಹಾಕುವುದಿಲ್ಲ ಅಂತೆ, ಈಸ್ಟರ್‌ವರೆಗೆ. ನಾನು ಎಂತ ಬಿಡಬೇಕು?"

ಮೊಬೈಲ್ ಗೇಮ್ ಎಂದೆ. ಮುಖ ಸಣ್ಣದು ಮಾಡಿದ. ನೀರು ಬಿಟ್ಟದ್ದಕ್ಕಿಂತ ಅದು ಕಷ್ಟ ಎಂದು ಕಾಣುತ್ತದೆ. ಇವತ್ತಿಗೆ ಒಂಬತ್ತು ದಿನ ಆಯಿತು, ಎರಡು ಸಲ ತಪ್ಪಿದ್ದಾನೆ. ನಾನು ಕೂಡ ಕರಿದ ತಿಂಡಿಯ ವಿಷಯದಲ್ಲಿ ಒಂದು ಸಲ ತಪ್ಪಿದೆ.